ಫೂಟ್ ಸಾಹೇಬರು ಹೆಕ್ಕಿದ ಕಲ್ಲುಗಳು

ಹಿಂದೂಪುರದಿಂದ ಪೆನುಕೊಂಡೆಯ ಮೇಲೆ ಕಲ್ಯಾಣದುರ್ಗಕ್ಕೆ ಹೋಗುವ ದಾರಿಯಲ್ಲಿ ಬೋಳು ಬಂಡೆಗುಡ್ಡಗಳೇ ಹೆಚ್ಚು. ಆ ಬಿಳಿಚು ಬಂಡೆಯ ನೆಲವನ್ನು ಅಲ್ಲಲ್ಲಿ ಕಪ್ಪು ಕಲ್ಲಿನ ಏಣುಗಳು ಸೀಳಿಕೊಂಡು ಹೋಗಿವೆ. ಇಂಥ ಏಣುಗಳ ಭಾಷೆ ಬಲ್ಲವರೊಬ್ಬರು ಬಳ್ಳಾರಿ ಸೀಮೆಯ ಚರಿತ್ರೆಯನ್ನು ಶಾಸನಗಳಿಗಿಂತ ಸಾವಿರಾರು ವರ್ಷ ಹಿಂದಕ್ಕೆ ಒಯ್ದರು. ಅವರು ರಾಬರ್ಟ್ ಬ್ರೂಸ್ ಫೂಟ್.

1834ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ ಫೂಟ್ 1858ರಲ್ಲಿ ಸರಕಾರದ ಭೂಗರ್ಭ ಸರ್ವೇಕ್ಷಣ ಇಲಾಖೆಗೆ ಸೇರಿದರು. 1863ರ ಮೇ 30ರಂದು ಮದರಾಸಿನ ಪಲ್ಲಾವರಂ ಬಳಿ, ಜಲ್ಲಿ ತೆಗೆದ ಗುಂಡಿಯಲ್ಲಿ, ಹಳೆ ಶಿಲಾಯುಗದ ಕಲ್ಲಿನ ಆಯುಧವೊಂದು ಅವರಿಗೆ ಸಿಕ್ಕಿತು. ಕಾಸರಗೋಡಿನ ನಾವು ಮನೆಗೋಡೆಗೆ ಕಡಿದು ತರುವ ಮುರಕಲ್ಲಿನ ಜಾತಿಯ ಜಲ್ಲಿಯೇ ಅದು. ಇಂಥವು ಮನುಷ್ಯನ ಕೈಕೆಲಸವೆಂದು ಯೂರೋಪಿನ ವಿದ್ವಾಂಸರು ಒಪ್ಪಿಕೊಂಡು ಆಗ ನಾಲ್ಕೇ ವರ್ಷವಾಗಿತ್ತು.

ಸರಕಾರ ಅವರಿಗೆ ಸಂಬಳ ಕೊಡುತ್ತಿದ್ದುದು ಬಂಡೆಗಳ ನಕ್ಷೆ ಬರೆಯುವುದಕ್ಕೆ. ಆಯುಧ ಹೆಕ್ಕುವುದು ಅವರ ಸ್ವಂತ ಹುಚ್ಚು. ಆದರೆ ಆ ಕಸುಬೇ ಈ ಹುಚ್ಚಿಗೆ ಕಣ್ಣು ಕೊಟ್ಟಿತು. ಬಳ್ಳಾರಿ ಬಳಿಯ ಕಪ್ಪಗಲ್ಲು ಗುಡ್ಡದಲ್ಲಿ ನುಣುಪು ಕೊಡಲಿಗಳೂ ಅರೆಬರೆ ಕೆತ್ತಿದವೂ ರಾಶಿ ಬಿದ್ದಿದ್ದವು. ಬಿಳಿ ಬಂಡೆಯಲ್ಲಿ ಒಳ್ಳೆಯ ಕೊಡಲಿ ಏಳುವುದಿಲ್ಲ. ಗುಡ್ಡದೊಳಗೆ ಹಾದುಹೋದ ಕಪ್ಪು ಕಲ್ಲೇ ಬೇಕು. ಅದೊಂದು ಕೊಡಲಿ ಕಾರ್ಖಾನೆಯೆಂದು ಫೂಟ್ ಗುರುತಿಸಿದರು.

ಬೂದಿದಿಬ್ಬಗಳ ಕಥೆ ಇನ್ನೂ ಸ್ವಾರಸ್ಯ. ಹಂಪೆಯ ಹತ್ತಿರದ ನಿಂಬಾಪುರದ ದಿಬ್ಬವನ್ನು ಜನ ವಾಲಿಯನ್ನು ಸುಟ್ಟ ಬೂದಿ ಎನ್ನುತ್ತಾರೆ. ಸಿವೆಲ್ ಎಂಬ ಅಧಿಕಾರಿ ಬಲಿಯ ಬೆಂಕಿಯನ್ನು ಊಹಿಸಿದ್ದರು. ಫೂಟರು ದನ ಕಟ್ಟಿದ ಹಟ್ಟಿಯ ಸಗಣಿ ಸುಟ್ಟದ್ದೆಂದರು. 1957ರಲ್ಲಿ ಆಲ್ಚಿನ್ ಎಂಬವರು ಉಟ್ನೂರಿನಲ್ಲಿ ಅಗೆದಾಗ ದನದ ಗೊರಸಿನ ಗುರುತುಗಳೇ ಕಂಡವು! ವಾಲಿಯ ಕಥೆ ಸುಳ್ಳಾಯಿತೆಂದು ಬೇಸರಪಡಬೇಕಿಲ್ಲ. ನಮ್ಮ ನೆಲದ ಗೋಪಾಲಕರ ಹಟ್ಟಿಯೂ ಸಣ್ಣ ಸಂಗತಿಯಲ್ಲ.

1891ರಲ್ಲಿ ನಿವೃತ್ತರಾದ ಮೇಲೆ ಬರೋಡಕ್ಕೂ ಮೈಸೂರಿಗೂ ದುಡಿದರು. ನಾಲ್ಕು ದಶಕ ಕೂಡಿಟ್ಟ ಸಂಗ್ರಹ 1904ರಲ್ಲಿ ಮದರಾಸಿನ ಸರಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿತು. ಯಾವ ಕಲ್ಲು ಯಾವ ಜಿಲ್ಲೆಯ ಯಾವ ಊರಿನದೆಂದು ಒಂದೊಂದಕ್ಕೂ ಲೆಕ್ಕವಿದೆ. ಗಡಿನಾಡಿನವರಿಗೆ ಇದರ ಬೆಲೆ ಗೊತ್ತು. ಅನಂತಪುರ 1882ರಲ್ಲಿ ಬಳ್ಳಾರಿಯಿಂದ ಬೇರೆಯಾಯಿತು. 1953ರಲ್ಲಿ ಬಳ್ಳಾರಿ ಮೈಸೂರಿಗೆ, ಅನಂತಪುರ ಆಂಧ್ರಕ್ಕೆ ಹೋದವು. 2022ರಲ್ಲಿ ಹಿಂದೂಪುರ ಅನಂತಪುರವನ್ನೂ ಬಿಟ್ಟು ಶ್ರೀ ಸತ್ಯಸಾಯಿ ಜಿಲ್ಲೆ ಸೇರಿತು, ಕಲ್ಯಾಣದುರ್ಗ ಅಲ್ಲೇ ಉಳಿಯಿತು. ಫೂಟರ ಪಟ್ಟಿಯಲ್ಲಿ ಊರ ಹೆಸರುಗಳು ಮಾತ್ರ ಕದಲಲಿಲ್ಲ.

ಆ ಪಟ್ಟಿ 1914ರಲ್ಲಿ, ಅದರ ಟಿಪ್ಪಣಿಗಳು 1916ರಲ್ಲಿ ಅಚ್ಚಾದವು. ಫೂಟ್ 1912ರ ಡಿಸೆಂಬರ್ 29ರಂದೇ ತೀರಿಕೊಂಡಿದ್ದರು.