ಪಿಟೀಲಿನೊಳಗಿನ ಚೀಟಿ: ಒಂದು ಚಾರಿತ್ರಿಕ ಪರಿಶೀಲನೆ

ಹೊಸದಾಗಿ ಪಿಟೀಲು ಕಲಿಯುವವರು ಅಗ್ಗದ ಹಳೆಯ ವಾದ್ಯವನ್ನು ಅರಸಿದಾಗ, ಅದರ ಒಡಲೊಳಗೆ ‘ಆಂಟೋನಿಯಸ್ ಸ್ಟ್ರಾಡಿವೇರಿಯಸ್, ಕ್ರೆಮೋನಾ’ ಎಂಬರ್ಥದ ಲ್ಯಾಟಿನ್ ಚೀಟಿಯನ್ನು ಕಾಣುವುದು ಅಪರೂಪವಲ್ಲ. ಆ ಶಿಲ್ಪಿಯಾದರೋ 1737ರಲ್ಲಿಯೇ ಕಾಲವಾದನು. ಹಾಗಾದರೆ ಈ ಚೀಟಿಗೆ ಸಾಕ್ಷ್ಯದ ಬೆಲೆ ಉಂಟೆ ಎಂಬುದನ್ನು ನಾವಿಲ್ಲಿ ಪರಿಶೀಲಿಸುತ್ತೇವೆ.

ಇಂತಹ ವಾದ್ಯಗಳಲ್ಲಿ ಬಹುಭಾಗ ಜರ್ಮನಿಯ ಸ್ಯಾಕ್ಸನಿ ಪ್ರಾಂತದ ಮಾರ್ಕ್‌ನಾಯ್‌ಕಿರ್ಖೆನ್ ಪಟ್ಟಣದಿಂದಲೂ ಅದರ ಸುತ್ತಣ ಹಳ್ಳಿಗಳಿಂದಲೂ ಬಂದವು. ಮತದ ಕಾರಣದಿಂದ ಬೊಹೀಮಿಯವನ್ನು ತೊರೆದು ಬಂದ ಕುಶಲಕರ್ಮಿಗಳು 1677ರಲ್ಲಿ ಅಲ್ಲಿ ತಮ್ಮ ವೃತ್ತಿಸಂಘವನ್ನು ಸ್ಥಾಪಿಸಿದರು. 19ನೆಯ ಶತಮಾನದಲ್ಲಿ ಈ ಕಸುಬು ಮನೆಮನೆಗೆ ಹಂಚಿಹೋಯಿತು. ಒಬ್ಬರು ಕತ್ತನ್ನು ಕೆತ್ತಿದರೆ ಮತ್ತೊಬ್ಬರು ಹಲಗೆಗಳನ್ನು ಸಿದ್ಧಪಡಿಸುವರು. ವರ್ತಕರು ಅವನ್ನು ಕೊಂಡು, ಜೋಡಿಸಿ, ಹೊರದೇಶಗಳಿಗೆ ಕಳುಹಿಸುವರು. ಬೆಲೆ ಇಳಿದುದು ಈ ಹಂಚಿಕೆಯಿಂದ. ಚೀಟಿಯ ಹೆಸರು ಮಾದರಿಯನ್ನು ಸೂಚಿಸಿತೇ ಹೊರತು ಕರ್ತೃವನ್ನಲ್ಲ. ದುಡಿದವರ ಹೆಸರು ಅದರಲ್ಲಿಲ್ಲ.

ಆದರೂ ಚೀಟಿ ನಿರರ್ಥಕವಲ್ಲ. ಆಮದಾದ ಸರಕಿನ ಮೇಲೆ ತಯಾರಾದ ದೇಶದ ಹೆಸರು ಇಂಗ್ಲಿಷಿನಲ್ಲಿರಬೇಕೆಂದು ಅಮೆರಿಕದ 1890ರ ಸುಂಕದ ಶಾಸನವು ವಿಧಿಸಿತು. ಈ ವಿಧಿ 1891ರಲ್ಲಿ ಜಾರಿಗೆ ಬಂದಿತು. ಆದಕಾರಣ ಚೀಟಿಯಲ್ಲಿ ‘ಜರ್ಮನಿ’ ಎಂದು ಇಂಗ್ಲಿಷಿನಲ್ಲಿದ್ದರೆ, ವಾದ್ಯವು ಸಾಮಾನ್ಯವಾಗಿ ಆ ಕಾಲದ ಅಥವಾ ಅನಂತರದ್ದೆಂದು ಊಹಿಸಬಹುದು. ಆ ಪದವಿಲ್ಲದಿರುವುದು ಮಾತ್ರ ಪ್ರಾಚೀನತೆಗೆ ಪ್ರಮಾಣವಾಗದು. ಚೀಟಿಯನ್ನು ಕಿತ್ತು ಬೇರೊಂದನ್ನು ಅಂಟಿಸುವುದು ಸುಲಭ.

ಆದ್ದರಿಂದ ಕಲಿಯುವವರು ಹೆಸರಿಗೆ ಹಣ ತೆರದೆ, ಬಿರುಕಿಲ್ಲದ ಹಲಗೆ, ನೆಟ್ಟಗಿನ ಕತ್ತು, ಜಾರದ ಬಿರಡೆ ಇವುಗಳನ್ನು ನೋಡಿ ಕೊಳ್ಳುವುದೇ ಯುಕ್ತ. ಇತಿಹಾಸಕಾರನಿಗಾದರೋ, ಹೆಸರಳಿದ ಆ ಕೈಗಳ ದುಡಿಮೆಗೆ ಇಂದು ಉಳಿದಿರುವ ಸಾಕ್ಷಿ ಈ ಅಗ್ಗದ ವಾದ್ಯವೇ.