ಅಚ್ಚಿಗೇರದ ವಾಹನಗಳು

ಮಾದರಿ ವಾಹನಗಳ ಕಿಟ್ ಜೋಡಿಸುವವರ ಲೋಕದಲ್ಲಿ ಒಂದು ವಿಶೇಷ ಪಟ್ಟಿ ಇದೆ. ಕಂಪನಿಯ ಕ್ಯಾಟಲಾಗಿನಲ್ಲಿ ಹೆಸರು ಅಚ್ಚಾಗಿ, ಕ್ರಮಸಂಖ್ಯೆ ಸಿಕ್ಕಿ, ಕೆಲವೊಮ್ಮೆ ಪೆಟ್ಟಿಗೆಯ ಮುಚ್ಚಳಕ್ಕೆ ಚಿತ್ರವೂ ಬರೆದಾಗಿದ್ದು, ಕೊನೆಗೆ ಅಂಗಡಿಗೆ ಬಾರದೇ ಹೋದ ಕಿಟ್‌ಗಳ ಪಟ್ಟಿ ಅದು. ಹಳೆಯ ಕ್ಯಾಟಲಾಗುಗಳನ್ನು ಜೋಪಾನವಾಗಿ ಇಟ್ಟುಕೊಂಡವರು ಬಂದ ಕಿಟ್‌ಗಳಿಗಿಂತ ಬಾರದ ಕಿಟ್‌ಗಳ ಬಗ್ಗೆ ಹೆಚ್ಚು ಹೊತ್ತು ಮಾತಾಡುತ್ತಾರೆ. ಆ ಮಾತು ಬರಿಯ ಹಳಹಳಿಕೆಯಲ್ಲ. ಒಂದು ವಾಹನವನ್ನು ಪುಟ್ಟದಾಗಿಸಿ ಮಾರುವ ಉದ್ಯಮ ಹೇಗೆ ನಡೆಯುತ್ತದೆ, ಯಾರ ವಾಹನಕ್ಕೆ ಆ ಭಾಗ್ಯ ಸಿಗುತ್ತದೆ ಎಂಬುದನ್ನು ಆ ಪಟ್ಟಿ ಚೆನ್ನಾಗಿ ತೋರಿಸಿಕೊಡುತ್ತದೆ.

ಎಲ್ಲಕ್ಕೂ ಮೂಲ ಅಚ್ಚು. 1932ರಲ್ಲಿ ಬ್ರಿಟನ್ನಿನಲ್ಲಿ ಬಂದ ಸ್ಕೈಬರ್ಡ್ಸ್ ವಿಮಾನ ಕಿಟ್‌ಗಳು ಮರದವು. 1:72 ಎಂಬ ಪ್ರಮಾಣ ರೂಢಿಗೆ ಬಂದದ್ದು ಅವುಗಳಿಂದ. ಮರದ ಕಿಟ್‌ಗೆ ದೊಡ್ಡ ಬಂಡವಾಳ ಬೇಡ. ಒಂದು ನಮೂನೆ ಓಡದಿದ್ದರೆ ಇನ್ನೊಂದನ್ನು ಕೊರೆಯಬಹುದು. 1936ರಲ್ಲಿ ಫ್ರಾಗ್ ಕಂಪನಿ ‘ಪೆಂಗ್ವಿನ್’ ಹೆಸರಿನಲ್ಲಿ ಪ್ಲಾಸ್ಟಿಕ್ ಕಿಟ್ ತಂದಾಗ ಲೆಕ್ಕಾಚಾರವೇ ಬದಲಾಯಿತು. ಉಕ್ಕಿನ ಅಚ್ಚು ಕೊರೆಯಲು ತಿಂಗಳುಗಟ್ಟಲೆ ಕೆಲಸ, ಭಾರಿ ಖರ್ಚು. ಒಮ್ಮೆ ಕೊರೆದರೆ ಮಾತ್ರ ಸಾವಿರ, ಲಕ್ಷ ಪ್ರತಿಗಳು ಅಗ್ಗದಲ್ಲಿ ಬೀಳುತ್ತವೆ. ಅಷ್ಟು ಪ್ರತಿ ಕೊಳ್ಳುವವರು ಇದ್ದಾರೆಯೇ ಎಂಬ ಪ್ರಶ್ನೆಗೆ ಅಚ್ಚು ಕೊರೆಯುವ ಮೊದಲೇ ಉತ್ತರ ಬೇಕು. ಬಾರದ ಕಿಟ್‌ಗಳಲ್ಲಿ ಬಹುಪಾಲು ನಿಂತುಹೋದದ್ದು ಈ ಪ್ರಶ್ನೆಯ ಎದುರಿಗೆ.

ಏರ್‌ಫಿಕ್ಸ್ ಹುಟ್ಟಿದ್ದು 1939ರಲ್ಲಿ. ಅದರ ಮೊದಲ ಮಾದರಿ ಯುದ್ಧವಿಮಾನವಲ್ಲ, ಫರ್ಗ್ಯೂಸನ್ ಟ್ರ್ಯಾಕ್ಟರ್. ಟ್ರ್ಯಾಕ್ಟರ್ ಮಾರುವವರ ಕೈಗೆ ಕೊಡಲೆಂದು 1949ರಲ್ಲಿ ಅದನ್ನು ಮಾಡಿಕೊಟ್ಟರು. 1952ರಲ್ಲಿ ವುಲ್‌ವರ್ತ್ ಅಂಗಡಿಗಳಿಗಾಗಿ ಗೋಲ್ಡನ್ ಹೈಂಡ್ ಹಡಗಿನ ಕಿಟ್ ಬಂತು. ಎರಡರಲ್ಲೂ ಕೊಳ್ಳುವವರು ಮೊದಲೇ ನಿಶ್ಚಯವಾಗಿದ್ದರು. ಜಪಾನಿನ ತಮಿಯಾ ಇನ್ನೊಂದು ದಾರಿ ಹಿಡಿಯಿತು. ಆ ಕಂಪನಿಯ ಶುನ್‌ಸಾಕು ತಮಿಯಾ ಪೋರ್ಷೆ ಕಾರಿನ ಕಿಟ್ ಮಾಡುವುದಕ್ಕೆಂದು ಒಂದು ನಿಜವಾದ ಪೋರ್ಷೆಯನ್ನೇ ಕೊಂಡು, ಬಿಡಿಭಾಗಗಳಾಗಿ ಬಿಚ್ಚಿ ಅಳತೆ ಮಾಡಿಸಿದರು. 1976ರ 1:12 ಪ್ರಮಾಣದ ಪೋರ್ಷೆ 934 ಹಾಗೆ ಹುಟ್ಟಿತು. ಆ ಮಟ್ಟದ ಶ್ರದ್ಧೆಗೆ ನಾನು ತಲೆಬಾಗುತ್ತೇನೆ. ಆದರೆ ಜಗತ್ತಿನ ಎಲ್ಲ ಊರುಗಳಲ್ಲೂ ಮಾರಾಟವಾಗುವ ಕಾರಿಗೆ ಮಾತ್ರ ಅಂಥ ಶ್ರದ್ಧೆಯ ಖರ್ಚು ಗಿಟ್ಟುತ್ತದೆ.

ಬಾರದ ಕಿಟ್‌ಗಳ ಚರಿತ್ರೆಯಲ್ಲಿ ಅತ್ಯಂತ ದೊಡ್ಡ ಅಧ್ಯಾಯ ಫ್ರಾಗ್ ಕಂಪನಿಯದೇ. 1970ರ ದಶಕದ ನಡುವಿನಲ್ಲಿ ಅದರ ಒಡೆತನ ಹೊಂದಿದ್ದ ಡನ್‌ಬೀ ಕಾಂಬೆಕ್ಸ್ ಮಾರ್ಕ್ಸ್ ಅಚ್ಚುಗಳನ್ನು ಸೋವಿಯತ್ ಒಕ್ಕೂಟಕ್ಕೆ ಕಳಿಸಿತು. ಅಲ್ಲಿ ತಯಾರಾದ ಕಿಟ್‌ಗಳು ‘ನೋವೋ’ ಹೆಸರಿನಲ್ಲಿ ಬ್ರಿಟನ್ನಿಗೆ ಮರಳಿ ಬರಬೇಕೆಂಬುದು ಒಪ್ಪಂದ. ಎರಡನೇ ಮಹಾಯುದ್ಧದ ಗಾಯ ಆರದಿದ್ದ ಸೋವಿಯತ್ ಕಡೆಯವರಿಗೆ ಜರ್ಮನಿ, ಜಪಾನ್, ಇಟಲಿಯ ಯುದ್ಧವಿಮಾನಗಳ ಅಚ್ಚುಗಳು ಬೇಡವಾಗಿದ್ದವು. ಅವು ರೆವೆಲ್ ಪಾಲಾದವು. ಉಳಿದವುಗಳ ಪೈಕಿ ಹಲವನ್ನು ನೋವೋ ಕ್ಯಾಟಲಾಗ್ ಘೋಷಿಸಿತು, ಬಿಡುಗಡೆಯಾದದ್ದು ಕೆಲವು. 1980ರಲ್ಲಿ ಬ್ರಿಟಿಷ್ ಕಂಪನಿಯೇ ಕುಸಿಯಿತು. ಆ ಅಚ್ಚುಗಳು ಮಾತ್ರ ಸೋವಿಯತ್ ಕಾರ್ಖಾನೆಗಳಲ್ಲಿ ಕೆಲಸ ಮುಂದುವರಿಸಿದವು. ಚೆಂದದ ಪೆಟ್ಟಿಗೆಯಿಲ್ಲದೆ, ಪ್ಲಾಸ್ಟಿಕ್ ಚೀಲದಲ್ಲಿ ತುಂಬಿದ ಬಿಡಿಭಾಗಗಳಾಗಿ ಅವುಗಳ ಕಿಟ್‌ಗಳು ಮಾರಾಟವಾದವು. 1991ರ ಬಳಿಕ ಬೇರೆ ಬೇರೆ ಹೆಸರುಗಳಲ್ಲಿ ಮತ್ತೆ ಕಾಣಿಸಿಕೊಂಡವು. ಅಚ್ಚಿರುವ ತನಕ ಕಿಟ್ ಸತ್ತಿತೆಂದು ಹೇಳುವಂತಿಲ್ಲ. ಅಚ್ಚೇ ಆಗದ ವಾಹನಕ್ಕೆ ಆ ಎರಡನೇ ಜನ್ಮವೂ ಇಲ್ಲ.

ಕೆಲವೊಮ್ಮೆ ವಾಹನವೇ ರದ್ದಾಗುತ್ತದೆ. ಬ್ರಿಟನ್ನಿನ ಟಿಎಸ್‌ಆರ್-2 ಬಾಂಬರ್ 1964ರಲ್ಲಿ ಹಾರಿತು, 1965ರ ಏಪ್ರಿಲಿನಲ್ಲಿ ಸರ್ಕಾರ ಯೋಜನೆಯನ್ನೇ ಕೈಬಿಟ್ಟಿತು. ಏರ್‌ಫಿಕ್ಸ್ ಅದರ ಕಿಟ್ ತಂದದ್ದು 40 ವರ್ಷಗಳ ನಂತರ, 2005ರಲ್ಲಿ. ಇದಕ್ಕೆ ತದ್ವಿರುದ್ಧದ ಕಥೆಯೂ ಇದೆ. 1986ರಲ್ಲಿ ಅಮೆರಿಕದ ಟೆಸ್ಟರ್ಸ್ ಕಂಪನಿ ‘ಎಫ್-19 ಸ್ಟೆಲ್ತ್ ಫೈಟರ್’ ಎಂಬ ಕಿಟ್ ಮಾರಿತು. ಅಂಥ ವಿಮಾನ ಇರಲೇ ಇಲ್ಲ. ಗುಟ್ಟಾಗಿದ್ದ ನಿಜವಾದ ವಿಮಾನ ಎಫ್-117 ಎಂದು 1988ರ ನವೆಂಬರಿನಲ್ಲಿ ಬಹಿರಂಗವಾದಾಗ ಅದರ ಆಕಾರ ಬೇರೆಯೇ ಆಗಿತ್ತು. ಇಲ್ಲದ ವಿಮಾನಕ್ಕೆ ಅಚ್ಚು ಸಿಕ್ಕಿತು. ಬೆಂಗಳೂರಿನಲ್ಲಿ ನಿಜವಾಗಿ ತಯಾರಾಗಿ, 1961ರ ಜೂನ್ 17ರಂದು ಮೊದಲ ಬಾರಿ ಹಾರಿ, 1971ರ ಯುದ್ಧದಲ್ಲಿ ಲೊಂಗೆವಾಲಾದ ಮೇಲೆ ಕಾದಾಡಿದ ಎಚ್‌ಎಫ್-24 ಮಾರುತ್ ವಿಮಾನ ಏರ್‌ಫಿಕ್ಸ್, ತಮಿಯಾ, ರೆವೆಲ್ ಈ ಮೂರರ ಕ್ಯಾಟಲಾಗಿನಲ್ಲೂ ಜಾಗ ಪಡೆಯಲಿಲ್ಲ. ಮಾರುತ್ ವಿನ್ಯಾಸ ಮಾಡಿದ ಕುರ್ಟ್ ಟ್ಯಾಂಕ್ ಅದಕ್ಕೂ ಮೊದಲು ಜರ್ಮನಿಯಲ್ಲಿ ರೂಪಿಸಿದ ಫೋಕ್-ವುಲ್ಫ್ 190 ವಿಮಾನಕ್ಕೆ ಅದೇ ಕಂಪನಿಗಳಲ್ಲಿ ಲೆಕ್ಕವಿಲ್ಲದಷ್ಟು ಕಿಟ್‌ಗಳಿವೆ. ವಿನ್ಯಾಸಕಾರ ಒಬ್ಬನೇ, ಬೇರೆಯಾದದ್ದು ಕೊಳ್ಳುವ ಮಾರುಕಟ್ಟೆ.

ಭಾರತದಲ್ಲಿ ಅಚ್ಚುಗಳೇ ಇರಲಿಲ್ಲ ಎಂದಲ್ಲ. 1960ರ ದಶಕದ ಕೊನೆಯಲ್ಲಿ ಬ್ರಿಟನ್ನಿನ ಡಿಂಕಿ ಕಂಪನಿಯ ಹಳೆಯ ಅಚ್ಚುಗಳು ಕಲ್ಕತ್ತಕ್ಕೆ ಬಂದವು. ತಳದ ಮೇಲಿದ್ದ ಹೆಸರನ್ನು ಅಳಿಸಿ ‘ನಿಕ್ಕಿ’ ಎಂದು ಕೊರೆದು ಇಲ್ಲಿ ಮಾರಿದರು. ಜಾಗ್ವಾರ್, ಮರ್ಸಿಡಿಸ್, ಪ್ಲಿಮತ್ ಕಾರುಗಳು ಭಾರತೀಯ ಮಕ್ಕಳ ಕೈಗೆ ಬಂದದ್ದು ಹೀಗೆ. ಆ ಮಕ್ಕಳ ಮನೆಯ ಮುಂದಿನ ರಸ್ತೆಯಲ್ಲಿ ಓಡುತ್ತಿದ್ದದ್ದು ಅಂಬಾಸಡರ್, ಫಿಯಟ್, ಲೇಲ್ಯಾಂಡ್ ಲಾರಿ. ನಂತರ ದಿಲ್ಲಿಯ ಸೆಂಟಿ ಟಾಯ್ಸ್ ನಮ್ಮ ರಸ್ತೆಯ ಅಂಬಾಸಡರ್, ಆಟೋರಿಕ್ಷಾ, ಬಸ್ಸುಗಳನ್ನು ಆಟಿಕೆಯಾಗಿ ತಂದಿತು. ಅದು ದೊಡ್ಡ ಉಪಕಾರ. ಆದರೆ ಅವು ಸಿದ್ಧ ಆಟಿಕೆಗಳೇ ಹೊರತು ಅಳತೆಗೆ ಸರಿಯಾಗಿ ಜೋಡಿಸಿ ಬಣ್ಣ ಬಳಿಯುವ ಕಿಟ್‌ಗಳಲ್ಲ.

ಕಳೆದ ದಶಕದಲ್ಲಿ ಏರ್‌ಫಿಕ್ಸ್ ಪೆಟ್ಟಿಗೆಗಳ ಮೇಲೆಯೇ ಭಾರತದಲ್ಲಿ ತಯಾರಾದದ್ದೆಂಬ ಮುದ್ರೆ ಕಾಣಿಸಿಕೊಂಡಿತು. 2006ರಲ್ಲಿ ಆ ಬ್ರ್ಯಾಂಡ್ ಕೊಂಡ ಹಾರ್ನ್‌ಬಿ ಕಂಪನಿ ಪ್ಲಾಸ್ಟಿಕ್ ಎರಕದ ಕೆಲಸವನ್ನು ಇಲ್ಲಿಗೆ ತಂದಿತ್ತು. ಯಂತ್ರ ನಮ್ಮಲ್ಲಿ, ಕೈಗಳು ನಮ್ಮವು. ಏನನ್ನು ಎರಕ ಹೊಯ್ಯಬೇಕೆಂಬ ತೀರ್ಮಾನ ಮಾತ್ರ ಬೇರೆಡೆ. 2020ರಲ್ಲಿ ಕರ್ನಾಟಕ ಸರ್ಕಾರ ಕೊಪ್ಪಳ ಜಿಲ್ಲೆಯ ಭಾನಾಪುರದಲ್ಲಿ ಸುಮಾರು 400 ಎಕರೆಯ ಆಟಿಕೆ ಕ್ಲಸ್ಟರ್ ಘೋಷಿಸಿತು, ಬೆಳಗಾವಿಯ ಏಕಸ್ ಕಂಪನಿ ಅದನ್ನು ಕೈಗೆತ್ತಿಕೊಂಡಿತು. ಅಲ್ಲಿಯೂ ಮುಖ್ಯ ಗಿರಾಕಿಗಳು ಜಾಗತಿಕ ಆಟಿಕೆ ಕಂಪನಿಗಳೇ. ಇದೇ ಹೊತ್ತಿಗೆ ಆಟಿಕೆಗಳ ಆಮದು ಸುಂಕ 20 ಪ್ರತಿಶತದಿಂದ 2020ರಲ್ಲಿ 60ಕ್ಕೆ, 2023ರಲ್ಲಿ 70ಕ್ಕೆ ಏರಿತು. ಸುಂಕದ ಪಟ್ಟಿಯಲ್ಲಿ ಆಟಿಕೆಗಳ ಶೀರ್ಷಿಕೆಯಡಿಯೇ ಅಳತೆ ಮಾದರಿಗಳೂ ಸೇರಿವೆ. ಹೊರಗಿನ ಕಿಟ್ ದುಬಾರಿಯಾಯಿತು, ಒಳಗಿನ ಕಿಟ್ ಹುಟ್ಟಲಿಲ್ಲ.

ಕಾಸರಗೋಡಿನ ಬಸ್ ನಿಲ್ದಾಣದಲ್ಲಿ ನಿಂತರೆ ಈ ಕೊರತೆ ಎದುರಿಗೇ ಕಾಣುತ್ತದೆ. ಮಂಗಳೂರಿಗೆ ಸುಮಾರು 50 ಕಿಲೋಮೀಟರಿನ ದಾರಿಯಲ್ಲಿ ಎರಡು ರಾಜ್ಯಗಳ ಸಾರಿಗೆ ಬಸ್ಸುಗಳು ಒಂದರ ಹಿಂದೊಂದು ಓಡುತ್ತವೆ. ಒಂದು ಆನೆಯ ಲಾಂಛನದ ಕೇರಳದ ‘ಆನವಂಡಿ’, ಇನ್ನೊಂದು ಗಂಡಭೇರುಂಡದ ಕರ್ನಾಟಕ ಸಾರಿಗೆ. ಎರಡರ ಮೈಮೇಲೂ ಅದೇ ಕೆಎಸ್‌ಆರ್‌ಟಿಸಿ. ಆ ಹೆಸರಿನ ವ್ಯಾಜ್ಯ ಟ್ರೇಡ್‌ಮಾರ್ಕ್ ಕಚೇರಿಯಿಂದ ಮದ್ರಾಸ್ ಹೈಕೋರ್ಟಿನವರೆಗೂ ಹೋಯಿತು. 2023ರ ಡಿಸೆಂಬರಿನಲ್ಲಿ ಕರ್ನಾಟಕವೂ ಅದನ್ನು ಬಳಸಬಹುದೆಂದು ತೀರ್ಪಾಯಿತು. ಗಡಿಯ ಈ ಎರಡು ಬಸ್ಸುಗಳನ್ನು ಜೋಡಿಯಾಗಿ ಒಂದು ಪೆಟ್ಟಿಗೆಯಲ್ಲಿ ತಂದರೆ ಗಡಿಯೂರು ತಲಪಾಡಿಯ ಆಚೆಗೂ ಈಚೆಗೂ ಕೊಳ್ಳುವ ಮನೆಗಳಿವೆ ಎಂದು ನಾನು ನಂಬಿದ್ದೇನೆ. ಅದನ್ನು ತರಲು ಯಾರೂ ಮುಂದಾಗಿಲ್ಲ. ಕ್ಯಾಟಲಾಗಿನಲ್ಲಿ ಬಂದು ಮರೆಯಾದ ಕಿಟ್‌ಗಳಿಗಾಗಿ ಹೊರಗಿನವರು ಮರುಗುತ್ತಾರೆ. ನಮ್ಮ ಬಸ್ಸು ಕ್ಯಾಟಲಾಗನ್ನೇ ಮುಟ್ಟಲಿಲ್ಲ.

ಇದಕ್ಕೆ ಉದಾಸೀನವೊಂದೇ ಕಾರಣವಲ್ಲ. ಕಾರು ಕಾರ್ಖಾನೆಯಿಂದ ಇಡಿಯಾಗಿ ಹೊರಬರುತ್ತದೆ. ಮಾರುತಿ 800 ಕಾಸರಗೋಡಿನಲ್ಲೂ ಕಲಬುರಗಿಯಲ್ಲೂ ಒಂದೇ ಆಕಾರ. ನಮ್ಮ ಬಸ್ಸು ಹಾಗಲ್ಲ. ಅಶೋಕ್ ಲೇಲ್ಯಾಂಡ್ ಅಥವಾ ಟಾಟಾದಿಂದ ಬಹುಮಟ್ಟಿಗೆ ಬರುವುದು ಚಾಸಿ. ಮೈಯನ್ನು ಕಟ್ಟುವವರು ಬೇರೆ. ಕೇರಳ ಸಾರಿಗೆಯ ಬಸ್ಸುಗಳಿಗೆ ಪಾಪ್ಪನಂಕೋಡ್, ಎಡಪ್ಪಾಳ್ ಮುಂತಾದ ಕಡೆ ಸ್ವಂತ ವರ್ಕ್‌ಶಾಪ್‌ಗಳಲ್ಲಿ ಬಾಡಿ ಕಟ್ಟುತ್ತಿದ್ದರು. ಕರ್ನಾಟಕದಲ್ಲಿ ಕೆಂಗೇರಿ, ಹಾಸನದ ವರ್ಕ್‌ಶಾಪ್‌ಗಳು. ಖಾಸಗಿಯವರಿಗೆ ಕೋಟ್ಟಯಂನ ಕೊಂಡೋಡಿ, ಬೆಂಗಳೂರಿನ ಪ್ರಕಾಶ್ ಹೀಗೆ ಬೇರೆ ಬೇರೆ ಕೈಗಳು. ಒಂದೇ ಚಾಸಿಯ ಮೇಲೆ ಕಿಟಕಿಯ ಎತ್ತರ, ಮುಂಭಾಗದ ಗಾಜಿನ ಬಾಗು, ಹಿಂಬದಿಯ ಏಣಿ, ಎಲ್ಲವೂ ಬದಲಾಗುತ್ತವೆ. ಉಕ್ಕಿನ ಅಚ್ಚು ಕೇಳುವ ಒಂದೇ ಆಕಾರ, ಲಕ್ಷ ಪ್ರತಿ ಎಂಬ ಷರತ್ತಿಗೆ ಈ ವೈವಿಧ್ಯ ಒಗ್ಗುವುದೇ ಇಲ್ಲ. ಕೈಯಲ್ಲಿ ಕಟ್ಟಿದ ಬಸ್ಸನ್ನು ಕೈಯಲ್ಲೇ ಪುಟ್ಟದಾಗಿಸಬೇಕು.

ಕೇರಳದ ಹುಡುಗರು ಅದನ್ನೇ ಮಾಡಿದರು. ತಿರುವನಂತಪುರದಿಂದ ಕಾಸರಗೋಡಿನವರೆಗೆ ಬಸ್ಸಿನ ಹುಚ್ಚು ಹಿಡಿದವರು ಫೋಮ್ ಶೀಟ್, ಫೋರೆಕ್ಸ್ ಶೀಟಿನಲ್ಲಿ ಮಿನಿಯೇಚರ್ ಕಟ್ಟುವ ಪರಿಣತಿ ಬೆಳೆಸಿಕೊಂಡಿದ್ದಾರೆ. ನಿಲ್ದಾಣದಲ್ಲಿ ತೆಗೆದ ಫೋಟೊದಿಂದ ಬದಿಯ ನೋಟವನ್ನು ಬರೆದುಕೊಂಡು, ಅಳತೆಗೆ ಇಳಿಸಿ, ಶೀಟಿನ ಮೇಲೆ ಅಂಟಿಸಿ ಬ್ಲೇಡಿನಿಂದ ಕಿಟಕಿಗಳನ್ನು ಕತ್ತರಿಸುತ್ತಾರೆ. 12 ಮೀಟರ್ ಉದ್ದದ ಬಸ್ಸು 1:24ರಲ್ಲಿ 50 ಸೆಂಟಿಮೀಟರ್ ಆಗುತ್ತದೆ, 1:72ರಲ್ಲಿ 17 ಸೆಂಟಿಮೀಟರಿಗೂ ಕಡಿಮೆ. ಬಹಳ ಜನ ದೊಡ್ಡ ಪ್ರಮಾಣವನ್ನೇ ಹಿಡಿಯುತ್ತಾರೆ, ಸೀಟು, ಕಂಬಿ, ಕಂಡಕ್ಟರ್ ಹಗ್ಗ ಎಳೆಯುವ ಗಂಟೆ ಎಲ್ಲವೂ ಕಾಣಬೇಕಲ್ಲ. ಗಾಜಿಗೆ ಪಾರದರ್ಶಕ ಶೀಟು, ಮೂಲೆ ದುಂಡಗಾಗಿಸಲು ಪುಟ್ಟಿ, ಮೇಲೆ ಸ್ಪ್ರೇ ಬಣ್ಣ, ಬೋರ್ಡಿಗೆ ಸ್ಟಿಕ್ಕರ್, ಒಳಗೆ ಎಲ್‌ಇಡಿ ದೀಪ. ನನ್ನ ಕಣ್ಣಿಗೆ ಈ ಕೆಲಸ ಕಾರ್ಖಾನೆಯ ಕಿಟ್‌ಗಿಂತ ಒಂದು ಮೆಟ್ಟಿಲು ಮೇಲಿನದು. ಕಿಟ್ ಜೋಡಿಸುವವನು ಇನ್ನೊಬ್ಬರ ಅಳತೆಯನ್ನು ನಂಬುತ್ತಾನೆ, ಇವರು ಅಳತೆಯನ್ನೇ ಸಂಪಾದಿಸಬೇಕು.

ಇದು ಸದ್ದಿಲ್ಲದೆ ದಾಖಲೆಯ ಕೆಲಸವೂ ಆಗಿಬಿಟ್ಟಿದೆ. ಕೇರಳದಲ್ಲಿ ಒಂದು ಕಾಲಕ್ಕೆ ಖಾಸಗಿ ಬಸ್ಸುಗಳು ತಮ್ಮ ತಮ್ಮ ಬಣ್ಣದಲ್ಲಿ ಮೆರೆಯುತ್ತಿದ್ದವು. 2018ರ ಫೆಬ್ರವರಿಯಲ್ಲಿ ಬಣ್ಣದ ನಿಯಮ ಬಂತು. ನಗರದ ಬಸ್ಸಿಗೆ ಹಸಿರು, ಮೊಫಸಿಲ್ ಬಸ್ಸಿಗೆ ನೀಲಿ, ಲಿಮಿಟೆಡ್ ಸ್ಟಾಪ್ ಬಸ್ಸಿಗೆ ಮೆರೂನ್. 2022ರ ಅಕ್ಟೋಬರಿನಲ್ಲಿ ಪಾಲಕ್ಕಾಡಿನ ವಡಕ್ಕಂಚೇರಿಯಲ್ಲಿ ಟೂರಿಸ್ಟ್ ಬಸ್ಸು ಸಾರಿಗೆ ಬಸ್ಸಿಗೆ ಗುದ್ದಿ 9 ಜನ ತೀರಿಕೊಂಡ ಮೇಲೆ, ಚಿತ್ರವಿಚಿತ್ರ ಬಣ್ಣದ ಟೂರಿಸ್ಟ್ ಬಸ್ಸುಗಳೆಲ್ಲ ಬಿಳಿಯಾಗಬೇಕೆಂಬ ನಿಯಮವನ್ನು ಬಿಗಿಯಾಗಿ ಜಾರಿಗೆ ತಂದರು. ಸುರಕ್ಷತೆಯ ಮಾತಿನಲ್ಲಿ ತಕರಾರಿಲ್ಲ. ಆದರೆ ಆ ಬಣ್ಣಗಳು ಈಗ ಉಳಿದಿರುವುದು ಫೋಟೊಗಳಲ್ಲಿ ಮತ್ತು ಈ ಮಿನಿಯೇಚರ್‌ಗಳಲ್ಲಿ. ಇಂಡೊನೇಷ್ಯಾದ ಬಸ್ ಸಿಮ್ಯುಲೇಟರ್ ಮೊಬೈಲ್ ಆಟಕ್ಕೆ ಕೇರಳದ ಹುಡುಗರು ಹಚ್ಚಿದ ಬಣ್ಣದ ವಿನ್ಯಾಸಗಳಲ್ಲೂ ಅವು ಓಡುತ್ತಿವೆ.

ಕಾಸರಗೋಡಿಗೆ ಘೋಷಣೆಯಾಗಿ ಬಾರದ ವಾಹನವೊಂದರ ಅನುಭವವೂ ಇದೆ. ತಿರುವನಂತಪುರದಿಂದ ಇಲ್ಲಿಗೆ 529.45 ಕಿಲೋಮೀಟರ್ ದೂರವನ್ನು 4 ಗಂಟೆಯಲ್ಲಿ ಕ್ರಮಿಸಬೇಕಿದ್ದ ಸಿಲ್ವರ್‌ಲೈನ್ ರೈಲಿಗೆ 11 ನಿಲ್ದಾಣ ಗುರುತಾಗಿದ್ದವು, ಕಾಸರಗೋಡು ಕೊನೆಯದು. ಹಳದಿ ಗಡಿಕಲ್ಲು ನೆಡುವಾಗ ಎದ್ದ ವಿರೋಧ, ಸಿಗದ ಕೇಂದ್ರದ ಒಪ್ಪಿಗೆ, ಇವುಗಳ ನಡುವೆ ಅದು ನಿಂತಿತು. ಉಳಿದದ್ದು ಕಂಪ್ಯೂಟರಿನಲ್ಲಿ ಬಿಡಿಸಿದ ಚಿತ್ರ. ಕಿಟ್ ಆಗಲಿ ರೈಲಾಗಲಿ, ಬಾರದೇ ಹೋದದ್ದರ ಕುರುಹು ಹೆಚ್ಚಾಗಿ ಚಿತ್ರದ ರೂಪದಲ್ಲೇ ಉಳಿಯುತ್ತದೆ.

ಈಗ ಅಚ್ಚಿನ ಯಜಮಾನಿಕೆ ಸಡಿಲವಾಗುತ್ತಿದೆ. ಮೇಜಿನ ಮೇಲಿಡುವ ತ್ರೀಡಿ ಪ್ರಿಂಟರ್‌ಗೆ ಲಕ್ಷ ಪ್ರತಿಯ ಹಂಗಿಲ್ಲ, ಹತ್ತು ಪ್ರತಿಯೂ ಸಾಕು. ಚಕ್ರ, ಗ್ರಿಲ್, ಹೆಡ್‌ಲೈಟಿನಂಥ ಕೈಗೆ ಒಗ್ಗದ ಭಾಗಗಳನ್ನು ಅದರಲ್ಲಿ ಮುದ್ರಿಸಿ, ಮೈಯನ್ನು ಶೀಟಿನಲ್ಲಿ ಕಟ್ಟಿದರೆ ಕಾಸರಗೋಡು–ಮಂಗಳೂರು ಜೋಡಿಯ ಕಿಟ್ ಕಾರ್ಖಾನೆಯಿಲ್ಲದೆಯೂ ಸಾಧ್ಯ. ಅದಕ್ಕೆ ಬೇಕಾದದ್ದು ಖಚಿತವಾದ ನಕ್ಷೆ. ಆ ವಿಷಯದಲ್ಲಿ ಸಮಯ ಕಡಿಮೆ ಇದೆ. ಮದ್ರಾಸ್ ಪ್ರಾಂತ್ಯದ ಕಾಲದಲ್ಲಿ, ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿದ್ದಾಗ, ಜಿಲ್ಲೆಯ ರಸ್ತೆಗಿಳಿದ ಸಿಪಿಸಿ, ಶಂಕರ ವಿಠಲ ಕಂಪನಿಗಳ ಬಸ್ಸುಗಳ ಅಳತೆಗಳನ್ನು ಆ ಕಾಲದವರು ಮುಂದಿನವರ ಕೈಗೆ ದಾಟಿಸಲಿಲ್ಲ. ಈಗ 15 ವರ್ಷ ದಾಟಿದ ಸರ್ಕಾರಿ ವಾಹನಗಳ ನೋಂದಣಿ ರದ್ದಾಗಬೇಕೆಂಬ ನಿಯಮ 2023ರ ಏಪ್ರಿಲ್ 1ರಿಂದ ಬಂದಿದೆ. ವರ್ಕ್‌ಶಾಪಿನಲ್ಲಿ ಬಾಡಿ ಕಟ್ಟಿದ ಹಳೆಯ ಲೇಲ್ಯಾಂಡ್ ಬಸ್ಸುಗಳು ಗುಜರಿಯ ಸಾಲಿನಲ್ಲಿವೆ. ಅವು ಹೋಗುವ ಮೊದಲು ಚಕ್ರದಿಂದ ಚಕ್ರಕ್ಕೆ ಇರುವ ದೂರ, ಕಿಟಕಿಯ ಚೌಕಟ್ಟು, ಬಾಗಿಲ ಅಗಲ, ಮುಂಭಾಗದ ಬಾಗು ಮತ್ತು ಬೋರ್ಡಿನ ಅಕ್ಷರದ ಎತ್ತರ, ಇಷ್ಟನ್ನಾದರೂ ಟೇಪ್ ಹಿಡಿದು ಬರೆದಿಡಬೇಕು. ಡಿಪೋಗಳ ಅನುಮತಿ ಪಡೆದು ನಮ್ಮ ಪಾಲಿಟೆಕ್ನಿಕ್ ವಿದ್ಯಾರ್ಥಿಗಳು ಒಂದು ರಜೆಯಲ್ಲಿ ಮಾಡಿ ಮುಗಿಸಬಹುದಾದ ಕೆಲಸ ಇದು.