ಬಾವಿ, ತಂಬಿಗೆ ಮತ್ತು ಬೈಬಲ್

ನಮ್ಮ ರೋಣ, ನರಗುಂದ, ಗಜೇಂದ್ರಗಡದ ಕಡೆ ಯಾರು ಯಾವ ಬಾವಿಯ ನೀರು ಸೇದಬೇಕು ಅನ್ನೋದು ಜಾತಿಯ ಮಾತೂ ಆಗಿತ್ತು. ಅದಕ್ಕೇ ಬೈಬಲ್ಲಿನ ಬಾವಿಯ ಕತೆಯೊಂದು ನನ್ನನ್ನು ಕಾಡುತ್ತದೆ.

ಜಾನ್ ಹ್ಯಾಂಡ್ಸ್ ಬಳ್ಳಾರಿಯಲ್ಲಿದ್ದು ಮಾಡಿದ ಕನ್ನಡ ಬೈಬಲ್ 1831ರ ಹೊತ್ತಿಗೆ ಪೂರ್ತಿ ಅಚ್ಚಾಗಿತ್ತು. 1841ರಲ್ಲಿ ಬಾಸೆಲ್ ಮಿಷನ್ ನಮ್ಮ ಪಕ್ಕದ ಬೆಟಗೇರಿಗೆ ಬಂತು. ಹೀಗೆ ಕತೆ ನಮ್ಮ ಸೀಮೆಗೂ ಬಂತು.

ಕತೆ ಇಷ್ಟೇ. ದಣಿದು ಬಾವಿಯ ಹತ್ತಿರ ಕೂತ ಯೇಸು ಸಮಾರ್ಯದ ಹೆಂಗಸೊಬ್ಬಳ ಬಳಿ ನೀರು ಕೇಳುತ್ತಾನೆ. ಯೆಹೂದ್ಯನೊಬ್ಬ ತನ್ನನ್ನು ನೀರು ಕೇಳುವುದೇ ಅಂತ ಅವಳಿಗೆ ಅಚ್ಚರಿ. ಯಾಕೆ ಅಚ್ಚರಿ ಅನ್ನುವ ಸಾಲಿನಲ್ಲೇ ಅನುವಾದಕರಿಗೆ ಪರೀಕ್ಷೆ. ಅಲ್ಲಿರುವ ಗ್ರೀಕ್ ಕ್ರಿಯಾಪದದ ಬಿಡಿ ಅರ್ಥ ‘ಜೊತೆಗೆ ಬಳಸು’. 1611ರ ಇಂಗ್ಲಿಷ್ ಬೈಬಲ್ ಅದನ್ನು ‘ವ್ಯವಹಾರವಿಲ್ಲ’ ಎಂಬರ್ಥದಲ್ಲಿ ಹೇಳಿ ಮುಗಿಸಿತು. 1976ರ ಗುಡ್ ನ್ಯೂಸ್ ಬೈಬಲ್ ನೇರವಾಗಿ ಬಟ್ಟಲು-ಪಾತ್ರೆಯ ಮಾತೆತ್ತಿತು: ಅವರು ಬಳಸಿದ್ದನ್ನು ಇವರು ಬಳಸುವುದಿಲ್ಲ.

ವ್ಯವಹಾರವಿಲ್ಲ ಅಂದರೆ ಯಾವುದೋ ದೇಶದ ಹಳೇ ಜಗಳ. ತಂಬಿಗೆ ಮುಟ್ಟುವುದಿಲ್ಲ ಅಂದರೆ ನಮ್ಮೂರಿನ ಮೈಲಿಗೆ!

ಕರೆಯುವ ಮಾತೂ ಹಾಗೇ. ಗ್ರೀಕಿನ ಒಂದೇ ಸಂಬೋಧನೆಗೆ ಕನ್ನಡ ಬೈಬಲ್ಲುಗಳಲ್ಲಿ ‘ಸ್ತ್ರೀಯೇ’ ಅಂತಲೂ ಇದೆ, ‘ಅಮ್ಮಾ’ ಅಂತಲೂ ಇದೆ. ಮುಟ್ಟಬಾರದವಳು ಅಂತ ದೂರ ಇಟ್ಟವಳನ್ನು ‘ಅಮ್ಮಾ’ ಅನ್ನೋದು ನಮ್ಮಲ್ಲಿ ಸಣ್ಣ ಮಾತಲ್ಲ.

1927ರಲ್ಲಿ ಅಂಬೇಡ್ಕರ್ ಮಹಾಡದ ಕೆರೆಯ ನೀರು ಕುಡಿದದ್ದು ಗೊತ್ತಿರುವವರಿಗೆ ಈ ಕತೆ ಬೇರೆಯೇ ಕೇಳಿಸುತ್ತದೆ. ಆದರೆ ಹಾಗೆ ಕೇಳಿಸಬೇಕಾದರೆ ಅನುವಾದಕ ತಂಬಿಗೆಯನ್ನು ಮುಚ್ಚಿಡಬಾರದು.

ನೀವಾಗಿದ್ದರೆ ಯಾವ ಪದ ಹಾಕುತ್ತಿದ್ದಿರಿ?